ಮಳೆಯ ಅಂಕಿಗಳನ್ನು ಲಾಗರ್ ಯಂತ್ರದಲ್ಲಿ ಕೂಡಿಡುವ ಮತ್ತು ಹೊರತೆಗೆಯುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರರೊಬ್ಬರಿಂದ)

ಕೊಡಗಿನ ತೋಟಗಾರರಿಗೆ ಮಳೆಯನ್ನು ಅಳೆಯುವ ಅಭ್ಯಾಸವು ಹೊಸದಲ್ಲ. ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ಎತ್ತಿ, ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಇಳಿಸುವ ಪದ್ಧತಿಯು ತಲೆಮಾರುಗಳಿಂದ ನಡೆದು ಬಂದಿರುವುದು. ಈಚೆಗೆ ಅನೇಕ ತೋಟಗಳಲ್ಲಿ ಈ ಕೆಲಸವನ್ನು ಒಂದು ವಿದ್ಯುನ್ಮಾನ ಯಂತ್ರವು ಮಾಡತೊಡಗಿದೆ. ಇದನ್ನು ಡೇಟಾ ಲಾಗರ್ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಸಂಕ್ಷೇಪವಾಗಿ ಲಾಗರ್ ಎಂದೇ ಬರೆದಿದೆ. ಯಂತ್ರವನ್ನು ಕೊಳ್ಳುವವರು ಹಲವರು. ಅದರೊಳಗಿನ ಅಂಕಿಗಳನ್ನು ಕಾಲಕಾಲಕ್ಕೆ ಹೊರತೆಗೆದು ಕಾಪಾಡುವವರು ಕೆಲವರು ಮಾತ್ರ. ಆದುದರಿಂದ ಅದರ ಕ್ರಮವನ್ನು ಗ್ರಾಮ ಮುಖಂಡರಿಗೂ ಭೂಮಾಲಿಕರಿಗೂ ತಿಳಿಸುವುದು ಈ ಲೇಖನದ ಉದ್ದೇಶವು.

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆನು. ಕೆಲವು ವರ್ಷಗಳ ಕೆಳಗೆ ಆಗಸ್ಟ್ ತಿಂಗಳ ಬಿರುಮಳೆಯಲ್ಲಿ ಘಟ್ಟದ ಅಂಚಿನ ಒಂದು ತೋಟದಿಂದ ಕರೆ ಬಂದಿತು. ಕೂಲಿಗಾರರ ಲೈನ್ ಮನೆಗಳ ಹಿಂದಿನ ಇಳಿಜಾರಿನಲ್ಲಿ ಅಂಗೈ ಅಗಲದ ಬಿರುಕು ಕಾಣಿಸಿಕೊಂಡಿತ್ತು. "ಹೋದ ವರ್ಷದ ಆಗಸ್ಟಿನಲ್ಲಿಯೂ ಹೀಗೆಯೇ ಸುರಿದಿತ್ತು, ಆಗ ಗುಡ್ಡ ಕದಲಲಿಲ್ಲ. ಆಗ ಮೂರು ದಿನಕ್ಕೆ ಎಷ್ಟು ಇಂಚು ಬಂದಿತ್ತು, ಈಗ ಎಷ್ಟು ಬಂದಿದೆ, ತೆಗೆದು ನೋಡಿ ಹೇಳಿ ಸಾರ್" ಎಂದು ಯಜಮಾನರು ಕೇಳಿದರು. ಲಾಗರಿಗೆ ತಂತಿ ಜೋಡಿಸಿ ನೋಡಿದೆನು. ಅದರಲ್ಲಿದ್ದ ಕಡೆಯ ಅಂಕಿಯು ಹಿಂದಿನ ವರ್ಷದ ಜುಲೈ 19ನೆಯ ತಾರೀಖಿನದು. ಅಂದು ಮೆಮೊರಿ ತುಂಬಿ ಯಂತ್ರವು ಬರೆಯುವುದನ್ನು ನಿಲ್ಲಿಸಿತ್ತು. ಹೋಲಿಸಬೇಕಾಗಿದ್ದ ಹಿಂದಿನ ಆಗಸ್ಟಿನ ಅಂಕಿಯೂ ಇಲ್ಲ, ಈ ಆಗಸ್ಟಿನದೂ ಇಲ್ಲ. ಯಂತ್ರ ಬಂದ ಮೇಲೆ ಏಕೆಂದು ತೋಟದ ರೈಟರು ಕೈಯಳತೆಯ ಪುಸ್ತಕವನ್ನೂ ಬಿಟ್ಟಿದ್ದರು. ಬಿರುಕು ಕಂಡ ಮೇಲೆ ಅಂಕಿಗಾಗಿ ಕಾಯುವುದು ಅವಿವೇಕವಾದುದರಿಂದ ಅಂದೇ ಸಂಜೆ ಎಲ್ಲಾ ಸಂಸಾರಗಳನ್ನೂ ಬೇರೆಡೆಗೆ ಸಾಗಿಸಿದೆವು. ಆದರೆ ಆ ಗುಡ್ಡವು ಎಷ್ಟು ಮಳೆಯನ್ನು ತಾಳಿತ್ತು, ಎಷ್ಟಕ್ಕೆ ಬಿರಿಯಿತು ಎಂಬ ಪಾಠವು ಆ ಕುಟುಂಬಕ್ಕೆ ಶಾಶ್ವತವಾಗಿ ಕಳೆದುಹೋಯಿತು.

2018, 2019 ಮತ್ತು 2020ನೆಯ ಇಸವಿಗಳ ಆಗಸ್ಟ್ ತಿಂಗಳುಗಳಲ್ಲಿ ಕ್ರಮವಾಗಿ ಜೋಡುಪಾಲ, ಮಕ್ಕಂದೂರು ಮುಂತಾದ ಕಡೆಗಳಲ್ಲಿಯೂ, ತೋರದಲ್ಲಿಯೂ, ತಲಕಾವೇರಿಯಲ್ಲಿಯೂ ಸಂಭವಿಸಿದ ಭೂಕುಸಿತಗಳನ್ನು ಕಂಡ ನಾಡಿನಲ್ಲಿ ಇಂತಹ ಪಾಠವು ಕಳೆದುಹೋಗಕೂಡದು. ಇಷ್ಟು ಇಂಚು ಬಿದ್ದರೆ ಗುಡ್ಡ ಕುಸಿಯುವುದೆಂದು ಎಲ್ಲಾ ಸ್ಥಳಗಳಿಗೂ ಒಪ್ಪುವ ಒಂದೇ ಅಂಕಿಯಿಲ್ಲ. ಮಣ್ಣು, ಇಳಿಜಾರು, ಕಡಿತ, ಜಲದ ಹಾದಿ ಇವುಗಳಿಗೆ ತಕ್ಕಂತೆ ಅದು ಬೇರೆ ಬೇರೆಯಾಗುವುದು. ಆದುದರಿಂದಲೇ ತನ್ನ ಗುಡ್ಡದ ಹಿಂದಿನ ಲೆಕ್ಕವು ಪ್ರತಿಯೊಬ್ಬ ಯಜಮಾನನಿಗೂ ಅಮೂಲ್ಯವಾದುದು.

1. ಯಂತ್ರವು ಅಂಕಿಗಳನ್ನು ಕೂಡಿಡುವ ರೀತಿ

ಲಾಗರ್ ಜೋಡಿಸಿದ ಮಳೆಮಾಪಕದಲ್ಲಿ ಆಲಿಕೆಯ ಕೆಳಗೆ ಏತದಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲಿರುವುದು. ಒಂದು ಬಟ್ಟಲು ನಿಯಮಿತವಾದ ಅಳತೆಗೆ ತುಂಬಿದೊಡನೆ ವಾಲಿ ನೀರನ್ನು ಚೆಲ್ಲುವುದು. ಇನ್ನೊಂದು ಬಟ್ಟಲು ಆಲಿಕೆಯ ಕೆಳಗೆ ಬರುವುದು. ಪ್ರತಿಯೊಂದು ವಾಲಿಕೆಗೂ ಲಾಗರ್ ತನ್ನ ಗಡಿಯಾರವನ್ನು ನೋಡಿ, ತಾರೀಖು ಮತ್ತು ವೇಳೆಯೊಡನೆ ಒಂದು ಗುರುತನ್ನು ಬರೆದಿಡುವುದು. ಕೆಲವು ಮಾಪಕಗಳಲ್ಲಿ ಒಂದು ವಾಲಿಕೆಯು 0.2 ಮಿಲಿಮೀಟರ್ ಮಳೆಗೆ ಸಮ. ಕೆಲವುಗಳಲ್ಲಿ ಇಂಚಿನ ನೂರರಲ್ಲೊಂದು ಪಾಲು, ಎಂದರೆ 0.254 ಮಿಲಿಮೀಟರಿಗೆ ಸಮ. ಒಂದು ಇಂಚಿಗೆ ನೂರು ಸೆಂಟು ಎಂಬ ನಮ್ಮ ಲೆಕ್ಕದಲ್ಲಿ ಈ ಎರಡನೆಯ ಜಾತಿಯ ಒಂದೊಂದು ವಾಲಿಕೆಯೂ ಸರಿಯಾಗಿ ಒಂದು ಸೆಂಟು ಮಳೆಯಾಗುವುದು. ತಮ್ಮ ಮಾಪಕವು ಯಾವ ಜಾತಿಯದೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೀರಿದ ತಪ್ಪು ಬರುವುದು.

ಉಷ್ಣತೆ, ಗಾಳಿಯ ತೇವಾಂಶ ಮುಂತಾದುವುಗಳನ್ನು ಲಾಗರ್ ಬೇರೆ ವಿಧದಲ್ಲಿ ಬರೆಯುವುದು. ನಾವು ಗೊತ್ತುಮಾಡಿದ ಅಂತರಕ್ಕೆ ಸರಿಯಾಗಿ, ಉದಾಹರಣೆಗೆ 15 ನಿಮಿಷಕ್ಕೊಮ್ಮೆ, ಅಳತೆಯನ್ನು ತೆಗೆದುಕೊಳ್ಳುವುದು. ಹೀಗೆ ಒಂದು ದಿನಕ್ಕೆ ಒಂದು ವಿಷಯಕ್ಕೆ 96 ಅಂಕಿಗಳಾಗುವುವು.

2. ಮೆಮೊರಿಯೆಂಬ ಪತ್ತಾಯ

ಅಂಕಿಗಳು ಸೇರುವ ಸ್ಥಳಕ್ಕೆ ಮೆಮೊರಿ ಎಂದು ಹೆಸರು. ಇದು ನಮ್ಮ ಮನೆಗಳ ಪತ್ತಾಯದಂತೆಯೇ ಸರಿ, ಇಂತಿಷ್ಟೇ ಹಿಡಿಸುವುದು. 16,000 ಅಂಕಿಗಳನ್ನು ಹಿಡಿಯುವ ಒಂದು ಲಾಗರನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. 15 ನಿಮಿಷಕ್ಕೊಮ್ಮೆ ಉಷ್ಣತೆಯೊಂದನ್ನೇ ಬರೆದರೆ ಅದು 166 ದಿನಗಳಲ್ಲಿ ತುಂಬುವುದು. ತೇವಾಂಶವನ್ನೂ ಸೇರಿಸಿದರೆ 83 ದಿನಗಳಲ್ಲಿಯೇ ತುಂಬುವುದು. ಗಂಟೆಗೊಮ್ಮೆ ಬರೆಯುವಂತೆ ಮಾಡಿದರೆ ಎರಡು ವಿಷಯಗಳಿಗೂ ಸೇರಿ 333 ದಿನಗಳು ಸಾಗುವುದು.

ಮಳೆಯ ವಿಷಯದಲ್ಲಿ ಲೆಕ್ಕವು ಸ್ಥಳವನ್ನು ಅನುಸರಿಸುವುದು. 0.2 ಮಿಲಿಮೀಟರಿನ ಬಟ್ಟಲಿಗೆ 1,000 ಮಿಲಿಮೀಟರ್ ಮಳೆಯೆಂದರೆ 5,000 ವಾಲಿಕೆ. 3,000 ಮಿಲಿಮೀಟರೆಂದರೆ 15,000. 5,000 ಮಿಲಿಮೀಟರೆಂದರೆ 25,000. ಮೇಲಿನ ಯಂತ್ರವನ್ನೇ ಕುಶಾಲನಗರದ ಕಡೆಯ ಬಯಲುಸೀಮೆಯಲ್ಲಿ ಇಟ್ಟರೆ ವರ್ಷಕ್ಕೊಮ್ಮೆ ಖಾಲಿ ಮಾಡಿದರೂ ಸಾಗಬಹುದು. ಅದನ್ನೇ ಭಾಗಮಂಡಲದ ಕಡೆಯ ಘಟ್ಟದ ಅಂಚಿನಲ್ಲಿ ಇಟ್ಟು ಮರೆತರೆ, ಮುಂಗಾರು ಮುಗಿಯುವುದಕ್ಕೆ ಮುಂಚೆಯೇ, ಅಂಕಿಯು ಅತ್ಯವಶ್ಯವಾದ ದಿನಗಳಲ್ಲಿಯೇ, ಅದು ತುಂಬಿಹೋಗುವುದು.

ತುಂಬಿದ ಮೇಲೆ ಯಂತ್ರವು ಏನು ಮಾಡುವುದೆಂಬುದು ನಾವು ಮೊದಲು ಕೊಟ್ಟ ಆಜ್ಞೆಯನ್ನು ಅವಲಂಬಿಸಿರುವುದು. ಒಂದು ಆಜ್ಞೆಯಂತೆ ಅದು ಪತ್ತಾಯದ ಬಾಗಿಲನ್ನು ಮುಚ್ಚಿ, ಹೊಸ ಬತ್ತವನ್ನು ಹೊರಗೆ ಚೆಲ್ಲುವುದು; ಅಂದರೆ ಬರೆಯುವುದನ್ನೇ ನಿಲ್ಲಿಸುವುದು. ಇನ್ನೊಂದು ಆಜ್ಞೆಯಂತೆ ಹೊಸ ಬತ್ತವನ್ನು ಮೇಲಿಂದ ಸುರಿದಂತೆಲ್ಲ ಹಳೆಯದನ್ನು ಕೆಳಗಿನಿಂದ ಹೊರಕ್ಕೆ ತಳ್ಳುವುದು. ಅಂದರೆ ಹಳೆಯ ಅಂಕಿಗಳ ಮೇಲೆ ಹೊಸ ಅಂಕಿಗಳನ್ನು ಬರೆಯುವುದು. ಎರಡರಲ್ಲಿಯೂ ನಷ್ಟವುಂಟು. ಆದಾಗ್ಯೂ ಮಳೆಗಾಲದಲ್ಲಿ ಇತ್ತೀಚಿನ ಅಂಕಿಯು ಕೈಯಲ್ಲಿರಬೇಕಾದುದರಿಂದ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. ಕಾಲಕ್ಕೆ ಸರಿಯಾಗಿ ಹೊರತೆಗೆಯುವವರಿಗೆ ಈ ಎರಡರ ಚಿಂತೆಯೂ ಇಲ್ಲ.

3. ಗಡಿಯಾರದ ವಿಷಯ

ವೇಳೆ ತಪ್ಪಿದ ಅಂಕಿಯು ಅಂಕಿಯೇ ಅಲ್ಲ. ಸಾಮಾನ್ಯವಾಗಿ ಲಾಗರ್ ತನ್ನ ವೇಳೆಯನ್ನು ತಾನು ಜೋಡಿಸಲ್ಪಟ್ಟ ಲ್ಯಾಪ್‌ಟಾಪ್ ಅಥವಾ ಮೊಬೈಲಿನಿಂದ ತೆಗೆದುಕೊಳ್ಳುವುದು. ಆ ಲ್ಯಾಪ್‌ಟಾಪಿನ ತಾರೀಖು ತಪ್ಪಾಗಿದ್ದರೆ ಮುಂದಿನ ಎಲ್ಲಾ ಅಂಕಿಗಳೂ ತಪ್ಪು ತಾರೀಖಿನಲ್ಲಿಯೇ ಸೇರುವುವು. ಈಗಿನ ಯಂತ್ರಗಳಲ್ಲಿ ಬ್ಯಾಟರಿ ಮುಗಿದರೂ ಬರೆದ ಅಂಕಿಗಳು ಸಾಮಾನ್ಯವಾಗಿ ಅಳಿಯುವುದಿಲ್ಲ. ಆದರೆ ಗಡಿಯಾರವು ನಿಂತುಹೋಗುವುದು. ಹೊಸ ಬ್ಯಾಟರಿ ಹಾಕಿದ ಕೂಡಲೇ ವೇಳೆಯನ್ನು ಸರಿಪಡಿಸದಿದ್ದರೆ ಕೆಲವು ಯಂತ್ರಗಳು ಎಷ್ಟೋ ವರ್ಷ ಹಿಂದಿನ ತಾರೀಖಿನಿಂದ ಬರೆಯಲಾರಂಭಿಸುವುವು.

ಮತ್ತೊಂದು ಮುಖ್ಯಾಂಶವುಂಟು. ಭಾರತೀಯ ಹವಾಮಾನ ಇಲಾಖೆಯ ಮಳೆದಿನವು ಬೆಳಿಗ್ಗೆ 8-30 ಗಂಟೆಗೆ ಮುಗಿಯುವುದು. ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ತಾರೀಖಿಗೆ ಬರೆಯುವರು. ಲಾಗರಿನ ಪ್ರೋಗ್ರಾಮು ಅನೇಕ ವೇಳೆ ನಡುರಾತ್ರಿಯಿಂದ ನಡುರಾತ್ರಿಗೆ ಕೂಡಿಸಿ ತೋರಿಸುವುದು. ಒಂದು ರಾತ್ರಿ ಹನ್ನೆರಡರೊಳಗೆ 50 ಮಿಲಿಮೀಟರೂ, ಹನ್ನೆರಡರಿಂದ ಬೆಳಗಿನವರೆಗೆ 80 ಮಿಲಿಮೀಟರೂ ಬಿದ್ದಿತೆಂದು ಭಾವಿಸಿರಿ. ನಡುರಾತ್ರಿಯ ಲೆಕ್ಕದಲ್ಲಿ ಇದು ಎರಡು ದಿನಗಳ ಮಳೆಯಾಗುವುದು. ಮೊದಲನೆಯದು ಇಲಾಖೆಯ ಭಾರಿ ಮಳೆಯ ಮಿತಿಯಾದ 64.5 ಮಿಲಿಮೀಟರನ್ನು ಮುಟ್ಟುವುದೇ ಇಲ್ಲ. 8-30ರ ಲೆಕ್ಕದಲ್ಲಾದರೋ ಒಂದೇ ದಿನಕ್ಕೆ 130 ಮಿಲಿಮೀಟರಾಗಿ, 115.6ಕ್ಕೆ ಮೀರಿದ ಅತಿ ಭಾರಿ ಮಳೆಯ ವರ್ಗಕ್ಕೆ ಸೇರುವುದು. ಆದುದರಿಂದ ತಮ್ಮ ಅಂಕಿಯನ್ನು ಸರ್ಕಾರದ ಅಂಕಿಯೊಡನೆ ಹೋಲಿಸುವಾಗ 8-30ರಿಂದ 8-30ರವರೆಗೆ ಕೂಡಿಸತಕ್ಕದ್ದು.

4. ಅಂಕಿಗಳನ್ನು ಹೊರತೆಗೆಯುವ ಕ್ರಮ

ಲಾಗರಿನ ಬಳಿಗೆ ಹೋಗುವಾಗ ಪ್ರೋಗ್ರಾಮು ಹಾಕಿದ ಲ್ಯಾಪ್‌ಟಾಪ್ ಅಥವಾ ಮೊಬೈಲ್, ಜೋಡಿಸುವ ತಂತಿ, ಹೊಸ ಬ್ಯಾಟರಿ, ಒಣ ಬಟ್ಟೆ, ದೊಡ್ಡ ಕೊಡೆ, ತೇವ ಹೀರುವ ಸಿಲಿಕಾ ಪೊಟ್ಟಣ, ಪುಸ್ತಕ ಮತ್ತು ಪೆನ್ಸಿಲನ್ನು ತೆಗೆದುಕೊಂಡು ಹೋಗಬೇಕು. ಅನಂತರ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

(ಅ) ಮೊದಲು ಮಾಪಕವನ್ನು ಮುಟ್ಟದೆ ನೋಡಿರಿ. ಆಲಿಕೆಯಲ್ಲಿ ಎಲೆ, ಜೇಡರ ಬಲೆ, ಇರುವೆಯ ಗೂಡು ಇದ್ದರೆ ಅದನ್ನು ತಾರೀಖು ಮತ್ತು ವೇಳೆಯೊಡನೆ ಪುಸ್ತಕದಲ್ಲಿ ಬರೆಯಿರಿ. ಆಲಿಕೆ ಕಟ್ಟಿಕೊಂಡಿದ್ದ ದಿನಗಳ ಅಂಕಿಯನ್ನು ನಂಬಲಾಗದು. ಅಂಕಿಗಳನ್ನು ಹೊರತೆಗೆಯುವ ಮುನ್ನ ಬಟ್ಟಲನ್ನು ತೊಳೆಯಬಾರದು. ತೊಳೆಯುವಾಗ ಅದು ವಾಲಿದಷ್ಟು ಸಲವೂ ಸುಳ್ಳು ಮಳೆಯು ದಾಖಲಾಗುವುದು.

(ಆ) ಲ್ಯಾಪ್‌ಟಾಪಿನ ತಾರೀಖು ಮತ್ತು ವೇಳೆಯನ್ನು ಪರೀಕ್ಷಿಸಿರಿ.

(ಇ) ಕೈಯನ್ನು ಒರೆಸಿಕೊಂಡು, ಕೊಡೆಯ ಮರೆಯಲ್ಲಿ ತಂತಿಯನ್ನು ಜೋಡಿಸಿರಿ. ಯಂತ್ರದ ಹೆಸರು, ಬ್ಯಾಟರಿಯ ಬಲ, ಮೆಮೊರಿಯಲ್ಲಿ ತುಂಬಿರುವ ಭಾಗ, ಗಡಿಯಾರದ ವೇಳೆ ಈ ನಾಲ್ಕನ್ನೂ ಪುಸ್ತಕಕ್ಕೆ ಇಳಿಸಿರಿ.

(ಈ) ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿರಿ. ಯಂತ್ರವು "ಅಳಿಸಲೇ?" ಎಂದು ಕೇಳಿದರೆ ಈ ಹಂತದಲ್ಲಿ ಬೇಡವೆಂದೇ ಉತ್ತರ ಕೊಡತಕ್ಕದ್ದು.

(ಉ) ಇಳಿಸಿಕೊಂಡ ಕಡತವನ್ನು ಸ್ಥಳದಲ್ಲಿಯೇ ತೆರೆದು, ಮೊದಲನೆಯ ಮತ್ತು ಕಡೆಯ ಅಂಕಿಗಳ ತಾರೀಖುಗಳನ್ನು ನೋಡಿರಿ. ಹಿಂದಿನ ಸಲ ಮುಗಿದಲ್ಲಿಂದ ಇದು ಆರಂಭವಾಗಿ ಈ ದಿನಕ್ಕೆ ಮುಗಿದಿರಬೇಕು. ನಡುವೆ ಮಳೆ ಸುರಿದುದು ನೆನಪಿರುವ ಒಂದೆರಡು ದಿನಗಳ ಮೊತ್ತವನ್ನು ಕೈಯಳತೆಯ ಪುಸ್ತಕದೊಡನೆ ಹೋಲಿಸಿರಿ.

(ಊ) ಕಡತಕ್ಕೆ ತೋಟದ ಹೆಸರನ್ನೂ, ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ತಾರೀಖನ್ನೂ ಇಟ್ಟು, ಪೆನ್‌ಡ್ರೈವಿನಲ್ಲಿ ಎರಡನೆಯ ಪ್ರತಿಯನ್ನು ಮಾಡಿಕೊಳ್ಳಿರಿ.

(ಋ) ಎರಡು ಪ್ರತಿಗಳೂ ತೆರೆಯುವುವೆಂದು ಕಂಡ ಮೇಲೆಯೇ ಮೆಮೊರಿಯನ್ನು ಅಳಿಸಿ, ವೇಳೆ ಸರಿಪಡಿಸಿ, ಯಂತ್ರವನ್ನು ಪುನಃ ಆರಂಭಿಸಿರಿ. ಅದರ ಸಣ್ಣ ದೀಪವು ಮಿನುಗುವುದನ್ನು ಅಥವಾ ಪ್ರೋಗ್ರಾಮಿನಲ್ಲಿ ದಾಖಲೆ ನಡೆಯುತ್ತಿದೆಯೆಂಬ ಮಾತನ್ನು ಕಾಣದೆ ಅಲ್ಲಿಂದ ಕದಲಕೂಡದು. ಅಳಿಸಿದ ಮೇಲೆ ಆರಂಭಿಸಲು ಮರೆತು ಬಂದ ಯಂತ್ರಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಂಡಿರುವೆನು.

ಕೆಲವು ಯಂತ್ರಗಳಲ್ಲಿ ಸಿಮ್ ಇದ್ದು, ಅಂಕಿಗಳು ತಾವಾಗಿಯೇ ದೂರಕ್ಕೆ ತಲುಪುವುವು. 1988ರಲ್ಲಿ ಬರದ ಪರಿಶೀಲನೆಗಾಗಿ ಆರಂಭವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳು ಈ ಜಾತಿಯವು. ಅವು 15 ನಿಮಿಷಗಳ ಅಂಕಿಗಳನ್ನು ಕಳುಹಿಸುವುವು. ಖಾಸಗಿ ತೋಟಗಳಲ್ಲಿಯೂ ಇಂತಹುವು ಬಂದಿವೆ. ಆದರೆ ಬಿರುಮಳೆಯಲ್ಲಿ ವಿದ್ಯುತ್ತೂ ಮೊಬೈಲೂ ದಿನಗಟ್ಟಲೆ ನಿಲ್ಲುವುದು ಕೊಡಗಿನವರಿಗೆ ಹೊಸದಲ್ಲ. ಅಂತಹ ದಿನಗಳಲ್ಲಿ ಅಂಕಿಯು ಯಂತ್ರದ ಮೆಮೊರಿಯಲ್ಲಿಯೇ ಉಳಿದಿರುವುದರಿಂದ, ಸಿಮ್ ಇರುವವರೂ ತಂತಿಯಿಂದ ಹೊರತೆಗೆಯುವುದನ್ನು ಕಲಿತಿರಬೇಕು.

5. ಹೊರತೆಗೆದ ಅಂಕಿಗಳ ರಕ್ಷಣೆ

ಇಳಿಸಿಕೊಂಡ ಮೂಲ ಕಡತವನ್ನು ಎಂದಿಗೂ ತಿದ್ದಬಾರದು. ಕೂಡಿಸುವುದು, ಸುಳ್ಳು ವಾಲಿಕೆಗಳನ್ನು ತೆಗೆಯುವುದು ಮುಂತಾದ ಎಲ್ಲಾ ಕೆಲಸವನ್ನೂ ಪ್ರತಿಯ ಮೇಲೆ ಮಾಡತಕ್ಕದ್ದು. ತಿದ್ದಿದ ಕಾರಣವನ್ನು ಪುಸ್ತಕದಲ್ಲಿ ಬರೆಯತಕ್ಕದ್ದು.

ತಾರೀಖಿನ ಬರವಣಿಗೆಯಲ್ಲಿ ಒಂದು ಮೋಸವುಂಟು. 08/06 ಎಂದಿದ್ದುದನ್ನು ಒಂದು ಲ್ಯಾಪ್‌ಟಾಪ್ ಜೂನ್ 8 ಎಂದೂ, ಇನ್ನೊಂದು ಆಗಸ್ಟ್ 6 ಎಂದೂ ಓದುವುದು. ಬಯಲುಸೀಮೆಯಲ್ಲಾದರೆ ಮಳೆಯನ್ನು ನೋಡಿ ತಪ್ಪನ್ನು ಊಹಿಸಬಹುದು. ನಮ್ಮಲ್ಲಿ ಜೂನಿನಲ್ಲಿಯೂ ಮಳೆ, ಆಗಸ್ಟಿನಲ್ಲಿಯೂ ಮಳೆಯಾದುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಆದುದರಿಂದ 2025-08-06 ಎಂಬಂತೆ ಇಸವಿಯನ್ನು ಮುಂದಿಟ್ಟು ಬರೆಯುವುದೇ ಕ್ಷೇಮ.

ಒಂದು ಪ್ರತಿಯು ಮನೆಯಲ್ಲಿಯೂ, ಇನ್ನೊಂದು ಬೇರೆ ಊರಿನಲ್ಲಿರುವ ಮಗ, ಮಗಳು ಅಥವಾ ನಂಟರ ಬಳಿಯಲ್ಲಿಯೂ ಇರಬೇಕು. ಮನೆಗೆ ನೀರು ನುಗ್ಗಿದ ದಿನ ಎರಡು ಪ್ರತಿಗಳೂ ಒಂದೇ ಬೀರುವಿನಲ್ಲಿದ್ದರೆ ಒಂದಿದ್ದುದಕ್ಕೆ ಸಮಾನ. ಇದಲ್ಲದೆ ಪ್ರತಿದಿನದ ಮೊತ್ತವನ್ನು ಮಸಿಯಿಂದ ಮಳೆಪುಸ್ತಕದಲ್ಲಿ ಬರೆಯುವ ಹಳೆಯ ಪದ್ಧತಿಯನ್ನು ಬಿಡಕೂಡದು. ಕಾಗದದ ಪುಸ್ತಕವನ್ನು ತೆರೆಯುವುದಕ್ಕೆ ಪ್ರೋಗ್ರಾಮು ಬೇಡ, ಬ್ಯಾಟರಿಯೂ ಬೇಡ.

6. ಯಂತ್ರದ ಸತ್ಯಪರೀಕ್ಷೆ

ವರ್ಷಕ್ಕೊಮ್ಮೆ, ಮೇ ತಿಂಗಳ ಕಡೆಯ ವಾರದಲ್ಲಿ, ಯಂತ್ರವು ಸರಿಯಾಗಿ ಎಣಿಸುವುದೇ ಎಂದು ನೋಡತಕ್ಕದ್ದು. ಬಾಯಿಯ ಅಡ್ಡಳತೆ 20 ಸೆಂಟಿಮೀಟರ್ ಇರುವ ಮಾಪಕಕ್ಕೆ 314 ಮಿಲಿಲೀಟರ್ ನೀರು 10 ಮಿಲಿಮೀಟರ್ ಮಳೆಗೆ ಸಮ. ತಳಕ್ಕೆ ಸೂಜಿಯಿಂದ ತೂತುಮಾಡಿದ ಡಬ್ಬಿಯಲ್ಲಿ ಇಷ್ಟು ನೀರನ್ನು ಹಾಕಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಿಧಾನವಾಗಿ ಆಲಿಕೆಯೊಳಗೆ ತೊಟ್ಟಿಕ್ಕಿಸಿದರೆ, 0.2 ಮಿಲಿಮೀಟರಿನ ಬಟ್ಟಲು 50 ಸಲ ವಾಲಬೇಕು. ಒಂದೆರಡು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಅದಕ್ಕೆ ಮೀರಿದರೆ ಬಟ್ಟಲನ್ನು ಶುದ್ಧಮಾಡಿ, ಮಾಪಕದ ಮಟ್ಟ ನೋಡಿ, ಪುನಃ ಪರೀಕ್ಷಿಸಬೇಕು. ಈ ಪರೀಕ್ಷೆಯ ವೇಳೆಯನ್ನು ಬರೆದಿಟ್ಟು, ಆ 10 ಮಿಲಿಮೀಟರನ್ನು ಮಳೆಯ ಲೆಕ್ಕದಿಂದ ಕಳೆಯಬೇಕು. ಬಹಳ ಬಿರುಸಾದ ಮಳೆಯಲ್ಲಿ ಬಟ್ಟಲು ವಾಲುವ ಕ್ಷಣದಲ್ಲಿಯೂ ನೀರು ಸುರಿಯುವುದರಿಂದ ಯಂತ್ರವು ಸ್ವಲ್ಪ ಕಡಿಮೆ ತೋರಿಸುವುದುಂಟು. ಇದಕ್ಕಾಗಿಯೇ ಪಕ್ಕದಲ್ಲಿ ಸಾಮಾನ್ಯ ಮಳೆಮಾಪಕವೊಂದು ಇರಬೇಕೆಂದು ಹೇಳುವುದು. ಎರಡನ್ನೂ ನೆರಳುಮರಗಳ ಹನಿ ಬೀಳದ ಬಯಲಿನಲ್ಲಿ, ಆನೆ ಮತ್ತು ದನಗಳು ತುಳಿಯದಂತೆ ಬೇಲಿ ಹಾಕಿ ಇಡತಕ್ಕದ್ದು.

7. ಇದರಿಂದಾಗುವ ಪ್ರಯೋಜನ

ಅಪಾಯದ ದಿನಗಳಿಗೆ ಮಾತ್ರವೇ ಅಲ್ಲದೆ ಪ್ರತಿವರ್ಷದ ಬೇಸಾಯಕ್ಕೂ ಇದು ಉಪಯುಕ್ತವಾಗಿದೆ. ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಸುಮಾರು ಒಂದರಿಂದ ಒಂದೂವರೆ ಇಂಚು ಹೂಮಳೆಯೂ, ಅನಂತರ ಬ್ಯಾಕಿಂಗ್ ಮಳೆಯೂ ಬೇಕೆಂಬುದನ್ನು ವಾಚಕರು ಬಲ್ಲರು. ಒಂದು ರಾತ್ರಿ 62 ಸೆಂಟು ಮಳೆ ಬಿದ್ದಿತೆನ್ನಿರಿ. ಕೈಯಳತೆಯ ಪುಸ್ತಕವು ಇಷ್ಟನ್ನೇ ಹೇಳುವುದು. ಅದು ಮೂರು ಗಂಟೆಗಳ ಕಾಲ ಹದವಾಗಿ ಬಿದ್ದಿತೋ, ಇಪ್ಪತ್ತು ನಿಮಿಷದಲ್ಲಿ ಸುರಿದು ಇಳಿಜಾರಿನಲ್ಲಿ ಹರಿದುಹೋಯಿತೋ ಎಂಬುದನ್ನು ಲಾಗರಿನ ಅಂಕಿಯು ಹೇಳುವುದು. ಮೊದಲನೆಯದಾದರೆ ಕೊರತೆಯನ್ನಷ್ಟೇ ಸ್ಪ್ರಿಂಕ್ಲರಿನಿಂದ ತಡಮಾಡದೆ ತುಂಬಬಹುದು. ಎರಡನೆಯದಾದರೆ ಮಣ್ಣನ್ನು ಅಗೆದು ತೇವವನ್ನು ನೋಡಿ ಇನ್ನೂ ಹೆಚ್ಚು ಕೊಡಬೇಕಾಗುವುದು. ಆದರೆ ಈ ಅಂಕಿಯನ್ನು ಮರುದಿನ ಬೆಳಿಗ್ಗೆ ಹೊರತೆಗೆದರೆ ಮಾತ್ರ ಫಲ. ಮೂರು ತಿಂಗಳ ಮೇಲೆ ತೆಗೆದರೆ ಹೂವು ಅದಕ್ಕಾಗಿ ಕಾಯುವುದಿಲ್ಲ.

ಹವಾಮಾನಾಧಾರಿತ ಬೆಳೆವಿಮೆಯಲ್ಲಿ ಅಧಿಸೂಚಿತ ಕೇಂದ್ರಗಳ ಅಂಕಿಯೇ ಪ್ರಮಾಣವಾಗಿರುವುದರಿಂದ, ಸ್ವಂತ ಯಂತ್ರದ ಅಂಕಿಯು ಅದಕ್ಕೆ ಬದಲಾಗಲಾರದು. ಆದರೆ ಎರಡಕ್ಕೂ ಬಹಳ ಅಂತರವಿದ್ದಾಗ ವಿಚಾರಣೆಯನ್ನು ಕೇಳುವುದಕ್ಕೆ ಕ್ರಮವಾಗಿ ಇಟ್ಟ ದಾಖಲೆಯು ಆಧಾರವಾಗುವುದು.

8. ಕಾಲನಿಯಮ

ಘಟ್ಟದ ಅಂಚಿನವರು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆಯೂ, ಪೂರ್ವಭಾಗದವರು ತಿಂಗಳಿಗೊಮ್ಮೆಯೂ ಅಂಕಿಗಳನ್ನು ಹೊರತೆಗೆಯತಕ್ಕದ್ದು. ಅನಂತರ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಈ ಮೂರು ಹಬ್ಬಗಳ ವಾರದಲ್ಲಿ ಒಂದೊಂದು ಸಲವೂ, ಫೆಬ್ರವರಿ ಆರಂಭದಲ್ಲಿ ಒಂದು ಸಲವೂ ತೆಗೆಯುವುದೆಂದು ಗೊತ್ತುಮಾಡಿಕೊಂಡರೆ ಮರೆಯುವ ಸಂಭವವಿಲ್ಲ. ಹೂಮಳೆಯಾದ ಮರುದಿನವೂ, ಬಿರುಮಳೆಯ ದಿನಗಳಲ್ಲಿ ಯಂತ್ರದ ಬಳಿಗೆ ಅಪಾಯವಿಲ್ಲದೆ ಹೋಗಬಹುದಾದಾಗಲೆಲ್ಲ ಪ್ರತಿದಿನವೂ ನೋಡುವುದು ಉತ್ತಮ.

ಪ್ರತಿಯೊಬ್ಬ ಹಿಡುವಳಿದಾರನೂ ಯಂತ್ರವನ್ನು ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ತಕ್ಕ ಮುಖ್ಯಸ್ಥರೂ ಪಂಚಾಯಿತಿಯ ಪ್ರಮುಖರೂ ಮನಸ್ಸುಮಾಡಿದರೆ, ಊರಿಗೆ ಒಂದೆರಡು ಯಂತ್ರಗಳೂ, ಅವುಗಳಿಂದ ಅಂಕಿ ತೆಗೆಯಬಲ್ಲ ಇಬ್ಬರು ಯುವಕರೂ, ಒಂದು ಮಳೆಪುಸ್ತಕವೂ ಸಾಕು. ಇಬ್ಬರು ಎಂದು ಹೇಳಿದುದಕ್ಕೆ ಕಾರಣವೇನೆಂದರೆ, ಒಬ್ಬನು ಊರಲ್ಲಿಲ್ಲದ ದಿನವೇ ಮಳೆ ಬರುವುದು. ಈ ಲೇಖನವನ್ನು ಓದಿದ ಮಹಾಶಯರು ತಮ್ಮ ತೋಟದಲ್ಲಿಯಾಗಲಿ ಊರಲ್ಲಿಯಾಗಲಿ ಲಾಗರ್ ಇದ್ದರೆ, ಅದರಿಂದ ಕಡೆಯ ಸಲ ಅಂಕಿ ತೆಗೆದ ತಾರೀಖು ಯಾವುದೆಂದು ಈ ವಾರವೇ ವಿಚಾರಿಸಬೇಕೆಂದು ಅರಿಕೆ. ಉತ್ತರವು ಕೂಡಲೇ ದೊರೆಯದಿದ್ದರೆ, ಆ ಕೆಲಸವನ್ನು ನಾಳೆ ಬೆಳಿಗ್ಗೆಯೇ ಮಾಡತಕ್ಕದ್ದು.